ಸಾಲಿನ ಕೊನೆಯ ಹುಡುಗಿ

ಹಾಸ್ಟೆಲ್, ಕೋಣೆ 14
ಜನವರಿ 8

ಪ್ರೀತಿಯ ಬಂಡೆ,

ಮೂರು ತಿಂಗಳಿಂದ ಒಂದಕ್ಷರವೂ ಬರೆಯಲಿಲ್ಲವೆಂದು ಮೊದಲು ಬೈದುಬಿಡು. ಬೈದಾಯಿತಾ? ಇನ್ನು ಸಮಾಧಾನವಾಗಿ ಓದು.

ಫೆಬ್ರವರಿ ಇಪ್ಪತ್ತೆರಡಕ್ಕೆ ನಮ್ಮ ಹನ್ನೆರಡನೇ ತರಗತಿಯ ಬೀಳ್ಕೊಡುಗೆ. ಎಲ್ಲರ ಪರವಾಗಿ ಭಾಷಣ ಮಾಡುವುದು ನಾನೇ ಅಂತ ಹೆಡ್ ಮೇಡಂ ಹೇಳಿಬಿಟ್ಟಿದ್ದಾರೆ. ವಿಷಯ, ಶಾಲೆಯಲ್ಲಿ ಕಳೆದ ಐದು ವರ್ಷ. ಎಂಟು ನಿಮಿಷ. ಪೋಷಕರು, ಟ್ರಸ್ಟಿನವರು, ಹಳೆಯ ವಿದ್ಯಾರ್ಥಿನಿಯರು ಎಲ್ಲ ಬರುತ್ತಾರಂತೆ. ನಾನು ಬರೆಯಲು ಕೂತರೆ ಬರೀ ಪ್ರಬಂಧದ ಪುಸ್ತಕದ ಮಾತುಗಳೇ ಬರುತ್ತವೆ: ಎರಡನೇ ಮನೆ, ಮರೆಯಲಾಗದ ದಿನಗಳು, ಇತ್ಯಾದಿ. ನಿನಗಾದರೆ ಯಾವ ದಿನ ಯಾರು ಯಾವ ಬಣ್ಣದ ಬಟ್ಟೆ ಹಾಕಿದ್ದರು ಎನ್ನುವುದೂ ನೆನಪಿರುತ್ತದೆ. ನಾಲ್ಕು ಒಳ್ಳೆಯ ಪ್ರಸಂಗ ಬರೆದು ಕಳಿಸು, ನನ್ನ ಬಂಗಾರ.

ಇಲ್ಲಿಯವರೆಗೆ ಬರೆದಿರುವುದು ಒಂದೇ. ಎಂಟನೇ ತರಗತಿಯಲ್ಲಿ ಕತ್ತರಿ ಅಕ್ಕ ನನ್ನ ಜಡೆ ಕತ್ತರಿಸಿದ್ದು, ನೀನು ಓಡಿಬಂದು ಅವಳ ಕೈ ಕಚ್ಚಿದ್ದು. ತಮಾಷೆಯಾಗಿ ಬರೆದಿದ್ದೇನೆ. ಓದಿದಾಗ ಕೋಣೆಯವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ನಿನ್ನ ಮಂಚದಲ್ಲಿ ಈಗ ಹನ್ನೊಂದನೇ ತರಗತಿಯವಳೊಬ್ಬಳು ಮಲಗುತ್ತಾಳೆ. ಗೊರಕೆ ಹೊಡೆಯುತ್ತಾಳೆ, ನಿನ್ನಷ್ಟಲ್ಲ. ದೊಡ್ಡಮ್ಮನ ಲಾಂಡ್ರಿ ಹೇಗಿದೆ? ಪುಸ್ತಕ ಹಿಡಿಯುವ ಗೋಳೇ ತಪ್ಪಿತು ನಿನಗೆ, ಅದೃಷ್ಟವಂತೆ!

ನಿನ್ನ ಸೂಜಿ


ಲಾಂಡ್ರಿಯ ಹಿಂದಿನ ಕೋಣೆ
ಜನವರಿ 19

ಸೂಜಿ,

ಹೌದು, ಅದೃಷ್ಟವಂತೆ. ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯ ವ್ಯಾನ್ ಬರುತ್ತದೆ. ಮುನ್ನೂರು ಹಾಸಿಗೆಯ ಬಟ್ಟೆ. ರಕ್ತದ್ದು ಒಂದು ಕಡೆ, ವಾಂತಿಯದ್ದು ಒಂದು ಕಡೆ ಆರಿಸಿ ಹಾಕುವುದು ನನ್ನ ಕೆಲಸ. ಆಮೇಲೆ ಉಗಿ ಇಸ್ತ್ರಿ. ಕುದಿಯುವ ಎರಡು ರೋಲರುಗಳ ನಡುವೆ ಹೊದಿಕೆಯ ಅಂಚು ತೂರಿಸಬೇಕು. ಕೈ ಒಂದು ಬೆರಳಷ್ಟು ಹೆಚ್ಚು ಹೋದರೆ ಚರ್ಮ ಅಲ್ಲೇ. ನನ್ನ ಬಲಗೈಯಲ್ಲಿ ಮೊಣಕೈ ತನಕ ಸುಟ್ಟ ಗೆರೆಗಳಿವೆ, ಹುಲಿಮರಿಯ ಹಾಗೆ ಕಾಣುತ್ತೇನೆ.

ಪ್ರಸಂಗ ಕೇಳಿದೆಯಲ್ಲ, ತಗೋ.

ಅದು ತಮಾಷೆಯಾಗಿರಲಿಲ್ಲ ಕಣೇ. ‘ಸಾಲು’ ಅಂದರೆ ಏನು ಅಂತ ನಿನ್ನ ಟ್ರಸ್ಟಿನವರಿಗೆ ಗೊತ್ತಿಲ್ಲ, ಮೊದಲು ಅದನ್ನು ಹೇಳು. ತಿಂಗಳ ಮೊದಲ ಭಾನುವಾರ, ವಾರ್ಡನ್ ಮೇಡಂ ಪೇಟೆಗೆ ಹೋದ ಮಧ್ಯಾಹ್ನ, ಎಂಟನೇ ತರಗತಿಯವರನ್ನು ಬಚ್ಚಲಿನಲ್ಲಿ ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಾರೆ. ದೊಡ್ಡವರು ಈ ತುದಿಯಿಂದ ಆ ತುದಿಯವರೆಗೆ ಹೊಡೆಯುತ್ತಾ ಹೋಗುತ್ತಾರೆ. ಅತ್ತವರಿಗೆ ಎರಡನೇ ಸುತ್ತು. ಏನು ತಪ್ಪು ಅಂತ ಯಾರೂ ಕೇಳುವ ಹಾಗಿಲ್ಲ. ಇವರಿಗೆ ಹಿಂದಿನವರು ಹೊಡೆದಿದ್ದರು, ಅಷ್ಟೇ ಕಾರಣ.

ನಮ್ಮ ಮೊದಲ ಸಾಲಿನಲ್ಲಿ ನೀನು ಅಳಲಿಲ್ಲ. ಅದಕ್ಕೇ ಕತ್ತರಿ ಅಕ್ಕನಿಗೆ ರೇಗಿತು. ನಿನ್ನ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ತಲೆಯನ್ನು ನಲ್ಲಿಗೆ ಬಡಿದಳು. ಮೂರು ಸಲ. ಹುಬ್ಬು ಒಡೆದು ನಿನ್ನ ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು. ಕತ್ತರಿ ಬಂದದ್ದು ಆಮೇಲೆ. ನಾನು ಕಚ್ಚಿದ್ದು ಹೆಬ್ಬೆರಳಿನ ಬುಡವನ್ನು. ಹಲ್ಲಿಗೆ ಮೂಳೆ ಸಿಕ್ಕಿತು. ಏಳು ಜನ ಬೆನ್ನ ಮೇಲೆ ತುಳಿದರೂ ಬಿಡಲಿಲ್ಲ. ಕೊನೆಗೆ ಬಿಟ್ಟಾಗ ಅವಳ ಚರ್ಮ ನನ್ನ ಬಾಯಲ್ಲೇ ಇತ್ತು. ಒಂದು ವಾರ ಮೂತ್ರ ಕೆಂಪಗೆ ಹೋಗುತ್ತಿತ್ತು ನನಗೆ. ಪಕ್ಕದ ಮಂಚದಲ್ಲಿ ನೀನು ತಲೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೆ. ‘ನಾವು ದೊಡ್ಡೋರಾದ್ಮೇಲೆ ಇದನ್ನ ನಿಲ್ಲಿಸ್ಬೇಕು ಕಣೇ’ ಅಂದೆ.

ದೊಡ್ಡವರಾದೆವು. ಸೆಪ್ಟೆಂಬರಿನ ಮೊದಲ ಭಾನುವಾರ ಸಾಲಿನ ಕೊನೆಯಲ್ಲಿ ನಿಂತಿದ್ದ ಎಂಟನೇ ತರಗತಿಯ ಗುಬ್ಬಿಯ ದವಡೆ ಮುರಿಯಿತು, ಎಡಗಿವಿ ಹೋಯಿತು. ತಗಡಿನ ಬಕೆಟ್ ಬೀಸಿದ ಕೈ ನಿನ್ನದು. ಶಾಲೆಯಿಂದ ಹೊರಹಾಕಿಸಿಕೊಂಡವಳು ನಾನು. ನಾನು ಗಟ್ಟಿ ಆಳು, ಕಚ್ಚಿದ ಕಥೆ ಬೇರೆ ಇತ್ತು, ಎಲ್ಲರೂ ನಾನೇ ಅಂದುಕೊಂಡರು. ಕಣ್ಣಾರೆ ಕಂಡವರು ಬಾಯಿ ಹೊಲಿದುಕೊಂಡರು. ನಾನೂ ಅಲ್ಲ ಅನ್ನಲಿಲ್ಲ. ‘ಪರೀಕ್ಷೆ ಮುಗೀಲಿ, ನಾನೇ ಹೋಗಿ ಹೇಳ್ತೀನಿ’ ಅಂತ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು ಅತ್ತೆ. ಆ ಮಾತು ನೆನಪಿದೆ ತಾನೇ?

ಬಂಡೆ


ಹಾಸ್ಟೆಲ್
ಜನವರಿ 30

ಬಂಡೆ,

ನಿನ್ನ ಪತ್ರ ಓದಿ ಹರಿದುಹಾಕಿದೆ. ಕೋಪ ಮಾಡಿಕೊಳ್ಳಬೇಡ. ವಾರ್ಡನ್ ಮೇಡಂ ಈಗ ಟ್ರಂಕುಗಳನ್ನು ತೆಗೆಸಿ ನೋಡುತ್ತಾರೆ. ಇಂಥದ್ದನ್ನೆಲ್ಲ ಕಾಗದದ ಮೇಲೆ ಹೀಗೆ ಬಿಡಿಸಿ ಬರೆಯಬಾರದು ಕಣೇ. ಭಾಷಣದಲ್ಲಿ ಹೇಳುವ ಮಾತಾ ಅದು? ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು ಬಂದಿರುತ್ತಾರೆ.

ಹೇಳಿದ ಮಾತು ನೆನಪಿದೆ. ಹೇಗೆ ಮರೆಯಲಿ? ಆದರೆ ನನ್ನ ಸ್ಥಿತಿಯನ್ನೂ ನೋಡು. ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಹತ್ತು ಗಂಟೆ ನಿಂತು ನಿಂತು ಕಾಲು ಊದಿಸಿಕೊಂಡಿದ್ದಾಳೆ. ನನಗೆ ನರ್ಸಿಂಗ್ ಸೀಟು ಸಿಕ್ಕಿದರೆ ಅವಳು ಕೂತುಕೊಳ್ಳಬಹುದು. ಏಪ್ರಿಲಿನ ಈ ಪರೀಕ್ಷೆಯೊಂದು ದಾಟಲಿ.

ನೀನು ನನ್ನ ಮೇಲೆ ಅನುಮಾನ ಇಟ್ಟುಕೊಂಡ ಹಾಗೆ ಕಾಣುತ್ತದೆ, ಅದಕ್ಕೆ ಹೇಳುತ್ತೇನೆ. ಅವತ್ತು ಹೆಡ್ ಮೇಡಂ ಕರೆಸಿ ಕೇಳಿದಾಗ ನಾನು ನಿನ್ನ ಹೆಸರು ಎತ್ತಲಿಲ್ಲ. ‘ಬಾಗಿಲ ಹತ್ರ ಇದ್ದೆ, ಏನೂ ಕಾಣಿಸ್ಲಿಲ್ಲ’ ಅಂದೆ, ಅಷ್ಟೇ. ಇದೊಂದನ್ನು ನಂಬು.

ಅಕ್ಟೋಬರಿನಿಂದ ಸಾಲು ನಿಂತಿತ್ತು. ಈಗ ಹನ್ನೊಂದನೇ ತರಗತಿಯವರು ಮತ್ತೆ ಶುರು ಮಾಡಿದ್ದಾರಂತೆ. ನಾನು ಆ ಕಡೆ ತಲೆ ಹಾಕುವುದಿಲ್ಲ.

ನಿನ್ನ ಸೂಜಿ


ಲಾಂಡ್ರಿ
ಫೆಬ್ರವರಿ 11

ಸೂಜಿ,

ನಂಬು ಅಂದೆ, ನಂಬಿದೆ. ಸರಿಯಾಗಿ ಐದು ದಿನ.

ಹೇಗಾದರೂ ಮಾಡಿ ನನ್ನನ್ನು ಹೊರಗಿನಿಂದ ಪರೀಕ್ಷೆಗೆ ಕೂರಿಸಬೇಕು ಅಂತ ದೊಡ್ಡಮ್ಮ ಹಠ ಹಿಡಿದಿದ್ದಾಳೆ. ವರ್ಗಾವಣೆ ಪತ್ರ ತರಲು ಗುರುವಾರ ಶಾಲೆಗೆ ಹೋದಳು. ಗುಮಾಸ್ತ ನನ್ನ ಫೈಲು ತೆಗೆದ. ‘ಇದ್ರಲ್ಲಿ ಏನೇನಿದ್ಯೋ ಎಲ್ಲದರದ್ದೂ ನಂಗೊಂದು ಪ್ರತಿ ಬೇಕು’ ಅಂದಳಂತೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತರೆ ಬಾಯ್ಲರೇ ತಣ್ಣಗಾಗುತ್ತದೆ, ಗುಮಾಸ್ತನೇನು.

ನಿನ್ನ ಹೇಳಿಕೆ ಅದರಲ್ಲಿತ್ತು. ‘ಅವಳು ಬಕೆಟ್ಟಿನಿಂದ ಹೊಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತಡೆಯಲು ಹೋದ ನನ್ನನ್ನೂ ತಳ್ಳಿದಳು. ಅವಳ ಸಿಟ್ಟಿಗೆ ಐದು ವರ್ಷದಿಂದ ನಾವೆಲ್ಲ ಹೆದರಿಕೊಂಡೇ ಬದುಕಿದ್ದೇವೆ.’ ಮುತ್ತಿನಂಥ ಅಕ್ಷರ. ಒಂದು ಕಡೆಯೂ ಹೊಡೆದುಹಾಕಿ ತಿದ್ದಿಲ್ಲ. ತಾರೀಖು ನೋಡಿದೆ. ನೀನು ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು ಅತ್ತದ್ದು ಇದಾಗಿ ಎರಡು ವಾರಕ್ಕೆ.

ಅದನ್ನು ಓದಿದ ಮಧ್ಯಾಹ್ನ ಇಸ್ತ್ರಿಯವನು, ‘ಏನ್ ಮೇಡಮ್ಮೋರೆ, ಮುಖ ಸುಕ್ಕಾಗಿದೆ, ರೋಲರಿಗೆ ಹಾಕ್ಲಾ?’ ಅಂದ. ದಿನಾ ಹೀಗೇ ಏನಾದರೂ ಅನ್ನುತ್ತಾನೆ, ಒಳ್ಳೆಯ ಮನುಷ್ಯ. ನಾನು ಅವನ ಕತ್ತಿನ ಹಿಂಭಾಗ ಹಿಡಿದು ಮುಖವನ್ನು ರೋಲರಿನ ಕಡೆಗೆ ಒತ್ತಿದೆ. ಉಗಿಗೆ ಅವನ ಹುಬ್ಬಿನ ಕೂದಲು ಮುರುಟಿತು. ಮೂಗಿನ ತುದಿಯಲ್ಲಿ ಬೊಬ್ಬೆ ಎದ್ದಿತು. ಅವನು ಕಿರುಚುತ್ತಿದ್ದ, ನನಗದು ಎಲ್ಲೋ ದೂರದ ಬೀದಿಯಲ್ಲಿ ಯಾರೋ ಕೂಗಿದ ಹಾಗೆ ಕೇಳಿಸುತ್ತಿತ್ತು. ದೊಡ್ಡಮ್ಮ ಮರದ ಹಲಗೆಯಿಂದ ಭುಜಕ್ಕೆ ಬಾರಿಸಿದ ಮೇಲೇ ಕೈ ಬಿಟ್ಟದ್ದು. ‘ಏನ್ ಕಲ್ತ್ಕೊಂಡ್ ಬಂದಿದ್ಯೇ ಆ ಶಾಲೇಲಿ?’ ಅಂದಳು.

ಇದನ್ನೂ ಭಾಷಣಕ್ಕೆ ಸೇರಿಸಿಕೋ. ಏನಾದರೂ ಹೇಳುವುದಿದ್ದರೆ ಬರಿ.

ಬಂಡೆ


ಲಾಂಡ್ರಿ
ಫೆಬ್ರವರಿ 20

ಉತ್ತರ ಇಲ್ಲ. ನಾಡಿದ್ದು ನಿನ್ನ ಭಾಷಣ. ಬಂದು ಹಿಂದೆ ಕೂತಿದ್ದು, ನೀನು ಮೈಕಿನ ಮುಂದೆ ಬಾಯಿ ತೆರೆದ ತಕ್ಷಣ ಎದ್ದು ಬಂದು ಆ ಬಾಯಿಯ ಮೇಲೇ ಗುದ್ದಬೇಕು ಅಂತ ಬಸ್ಸಿನ ವೇಳೆ ಕೂಡ ಕೇಳಿಕೊಂಡು ಬಂದಿದ್ದೆ. ದೊಡ್ಡಮ್ಮನಿಗೆ ಗೊತ್ತಾಗಿ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ನಿನ್ನ ಹಲ್ಲು ಉಳಿದದ್ದು ಅವಳಿಂದ.


ಶಾಲೆಯ ಆರೈಕೆ ಕೋಣೆ
ಮಾರ್ಚ್ 6

ಬಂಡೆ,

ಅಕ್ಷರ ನೋಡಿ ಬೇರೆ ಯಾರೋ ಅಂದುಕೊಳ್ಳಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲ ಮುಂಗೈ ಎರಡು ಕಡೆ ಮುರಿದಿದೆ.

ಭಾಷಣ ಚೆನ್ನಾಗಿಯೇ ಆಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಜಡೆಯ ಕಥೆಗೆ ಸಭೆಯೆಲ್ಲ ನಕ್ಕಿತು. ನಿನ್ನನ್ನು ‘ನನ್ನ ಒಬ್ಬ ಗೆಳತಿ’ ಅಂದೆ. ಮುಂದೆ ಹಳೆಯ ವಿದ್ಯಾರ್ಥಿನಿಯರ ಮಧ್ಯೆ ಕತ್ತರಿ ಅಕ್ಕ ಕೂತಿದ್ದಳು, ತೊಡೆಯ ಮೇಲೆ ಆರು ತಿಂಗಳ ಮಗು. ಅವಳೂ ನಕ್ಕಳು. ಆಮೇಲೆ ಬಂದು ತಬ್ಬಿಕೊಂಡು, ‘ಆವಾಗ ನಿಂಗೆ ಜಾಸ್ತಿ ಹೊಡೆದ್ನಾ? ನಂಗೆ ಏನೂ ನೆನಪೇ ಇಲ್ಲ ನೋಡೇ’ ಅಂದಳು. ಮಗುವಿನ ಬೆನ್ನು ತಟ್ಟುತ್ತಿದ್ದ ಆ ಕೈಯಲ್ಲಿ, ಹೆಬ್ಬೆರಳಿನ ಬುಡದಲ್ಲಿ, ನಿನ್ನ ಹಲ್ಲಿನ ಗುರುತು ಹಾಗೇ ಇತ್ತು.

ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಮೂರನೇ ತಾರೀಖು ಭಾನುವಾರ ಬಚ್ಚಲಿನ ಕಡೆಯಿಂದ ಸದ್ದು ಕೇಳಿಸಿತು, ಎದ್ದು ಹೋದೆ. ಒಂಬತ್ತು ಮಕ್ಕಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ‘ಸಾಕು, ಬಿಡಿ ಅವರನ್ನ’ ಅಂದೆ. ನಿನ್ನ ಮಂಚದಲ್ಲಿ ಮಲಗುವವಳು ನಕ್ಕಳು. ‘ನೀವೇ ಕಲಿಸಿದ್ದಲ್ವಾ ಅಕ್ಕಾ? ಬಕೆಟ್ ತಂದ್ಕೊಡ್ಲಾ?’ ಅಂದಳು. ನಾನು ಅವಳ ಕೆನ್ನೆಗೆ ಬಾರಿಸಿದೆ. ನೋಡು, ನಿಲ್ಲಿಸಲು ಹೋದವಳು ಮೊದಲು ಮಾಡಿದ್ದೇ ಅದು. ಐದಾರು ಜನ ಮೈಮೇಲೆ ಬಿದ್ದರು. ಹೊಟ್ಟೆಗೆ ಒದ್ದರು, ಬಾಯಿಗೆ ಒದ್ದೆ ಟವೆಲ್ ತುರುಕಿದರು. ನನ್ನ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದರು. ಎರಡು ಸಲ. ಮೊದಲ ಸಲ ಮೂಳೆಯ ಸದ್ದು ಕೇಳಿಸಿತು. ಎರಡನೇ ಸಲ ಕಣ್ಣು ಕತ್ತಲಾಯಿತು. ವಾರ್ಡನ್ ಮೇಡಂ ಬಂದಾಗ ಜಾರಿಬಿದ್ದೆ ಅಂದೆ.

ನಿನಗೆ ಸುಳ್ಳು ಹೇಳಿದೆ. ಹೆಡ್ ಮೇಡಂ ಕಾಗದ ಮುಂದಿಟ್ಟು, ‘ಹೆಸರು ಬರಿ, ಇಲ್ಲಾಂದ್ರೆ ಇಬ್ರೂ ಹೋಗ್ತೀರಿ’ ಅಂದರು. ಬರೆಯುವಾಗ ಪೆನ್ನು ನಡುಗಲೂ ಇಲ್ಲ ಕಣೇ. ಅದನ್ನು ನೆನೆದರೆ ನನಗೆ ನನ್ನ ಮೇಲೇ ಭಯವಾಗುತ್ತದೆ.

ಗುಬ್ಬಿಗೆ ಯಾಕೆ ಹೊಡೆದೆ ಅಂತ ನೀನು ಒಂದು ಸಲವೂ ಕೇಳಲಿಲ್ಲ. ಅವಳು ತಿರುಗಿ ನನ್ನ ಹುಬ್ಬಿನ ಮೇಲಿನ ಗಾಯದ ಗುರುತು ನೋಡಿದಳು. ‘ನಿಮ್ಗೂ ಹೀಗೇ ಹೊಡೆದಿದ್ರಾ ಅಕ್ಕಾ?’ ಅಂತ ಮೆತ್ತಗೆ ಕೇಳಿದಳು. ಹಂಗಿಸಿದ್ದರೆ ಎರಡೇಟು ಹಾಕಿ ಮುಂದೆ ಹೋಗುತ್ತಿದ್ದೆ. ಆ ಪಾಪದ ಮಗು ನನ್ನನ್ನು ಕಂಡು ಮರುಗಿತು. ಅದನ್ನು ನನಗೆ ತಡೆದುಕೊಳ್ಳಲು ಆಗಲಿಲ್ಲ.

ಈಗ ನನ್ನ ಕೈಯೂ ಹೋಯಿತು. ಇನ್ನಾದರೂ ನಾವಿಬ್ಬರೂ ಸಮ ಆದೆವಾ?

ಸೂಜಿ


ಲಾಂಡ್ರಿ
ಮಾರ್ಚ್ 12

ಸೂಜಿ,

ಸಮ ಆಗಲಿಲ್ಲ. ನಿನ್ನ ಕೈ ಮುರಿದವರು ನನಗೋಸ್ಕರ ಮುರಿದದ್ದಲ್ಲ, ಗುಬ್ಬಿಗೋಸ್ಕರವೂ ಅಲ್ಲ. ಆ ಒಂಬತ್ತು ಮಕ್ಕಳು ಅಲ್ಲೇ ಇದ್ದಾರೆ, ನೀನು ಜಾರಿಬಿದ್ದೆ ಅನ್ನುತ್ತೀಯ.

ನಿನಗೆ ಪೆಟ್ಟಾದದ್ದು ಓದಿ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಎರಡು ಸಲ ಓದಿಕೊಂಡೆ. ಆಮೇಲೆ ಗುಬ್ಬಿ ಕೇಳಿದ ಮಾತಿನ ಹತ್ತಿರ ಬಂದು ಅಲ್ಲೇ ಸಿಕ್ಕಿಕೊಂಡೆ. ಆ ಮಾತು ನನಗೂ ಕೇಳಿಸಿತ್ತು. ನಾನು ಅವಳಿಂದ ಒಂದು ಗೇಣು ದೂರದಲ್ಲಿದ್ದೆ.

ಆರು ತಿಂಗಳಿಂದ ನಾನು ಅನ್ಯಾಯವಾದವಳ ಹಾಗೆ ಮೆರೆದಿದ್ದೇನೆ. ದೊಡ್ಡಮ್ಮ ಅಯ್ಯೋ ಅಂದಳು, ಇಸ್ತ್ರಿಯವನು ಅಯ್ಯೋ ಅಂದ, ನಾನೂ ಅಂದುಕೊಂಡೆ. ಬಕೆಟ್ ಬೀಸಿದ ಕೈ ನಿನ್ನದು ಅಂತ ನಿನಗೆ ಬರೆದೆ. ಹಿಡಿದ ಕೈ ಯಾರದು ಅಂತ ಬರೆಯಲಿಲ್ಲ. ನೀನು ‘ಹಿಡ್ಕೊಳ್ಳೇ ಇವಳನ್ನ’ ಅಂದೆ. ನಾನು ಅವಳ ಎರಡೂ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದುಕೊಂಡೆ. ಮೊದಲ ಪೆಟ್ಟಿಗೇ ಅವಳ ಮೈ ಸಡಿಲವಾದದ್ದು ನನ್ನ ಕೈಗೆ ಗೊತ್ತಾಯಿತು. ಎರಡನೆಯದಕ್ಕೂ ಬಿಡಲಿಲ್ಲ. ನೀನು ಇದನ್ನು ಎತ್ತಿ ನನ್ನ ಮುಖಕ್ಕೆ ಎಸೆಯಬಹುದಿತ್ತು, ಎಸೆಯಲಿಲ್ಲ. ಯಾಕೋ ತಿಳಿಯದು.

ನಿನ್ನೆ ದೊಡ್ಡಮ್ಮನಿಗೆ ಹೇಳಿದೆ. ಹಲಗೆ ತೆಗೆದುಕೊಳ್ಳುತ್ತಾಳೆ ಅಂತ ಕಾದೆ. ಬುಟ್ಟಿಯಲ್ಲಿದ್ದ ಬಟ್ಟೆಯನ್ನೆಲ್ಲ ಮಡಿಸಿಟ್ಟಳು. ‘ಬರೋ ಭಾನುವಾರ ಬಿಟ್ಟು ಆಚೆ ಭಾನುವಾರ ರಜಾ ಮಾಡೋಣ. ಗುಬ್ಬಿ ಮನೆಗೆ ನಾವಿಬ್ರೂ ಹೋಗೋದಿದೆ’ ಅಂದಳು.

ನೀನೇನು ಮಾಡಬೇಕು ಅಂತ ನಾನು ಹೇಳುವುದಿಲ್ಲ.

ಬಂಡೆ


ಅಮ್ಮನ ಮನೆ
ಮಾರ್ಚ್ 19

ಬಂಡೆ,

ಹೋಗಿ ಹೇಳಿದೆ. ಹೆಡ್ ಮೇಡಂ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ‘ಮುಗಿದಿದ್ದನ್ನ ಕೆದಕ್ಬೇಡಮ್ಮ. ಇನ್ನು ಮೂರು ವಾರಕ್ಕೆ ಪರೀಕ್ಷೆ. ಶಾಲೆ ಹೆಸರು ಏನಾಗುತ್ತೆ ಯೋಚ್ನೆ ಮಾಡು’ ಅಂದರು. ನೀರು ಕೊಟ್ಟರು. ಕುಡಿದು ಎದ್ದು ಬಂದೆ.

ಎಡಗೈಯಲ್ಲಿ ಮೂರು ಪ್ರತಿ ಬರೆದೆ. ಇಡೀ ದಿನ ಹಿಡಿಯಿತು. ಒಂದನ್ನು ಅವರ ಮೇಜಿನ ಮೇಲಿಟ್ಟೆ, ಒಂದನ್ನು ಶಿಕ್ಷಣ ಇಲಾಖೆಗೆ, ಒಂದನ್ನು ಗುಬ್ಬಿಯ ಅಮ್ಮನಿಗೆ ಕಳಿಸಿದೆ. ಸಾಲಿನ ವಿಷಯ, ಬಕೆಟ್ಟಿನ ವಿಷಯ, ನನ್ನ ಸುಳ್ಳು ಹೇಳಿಕೆ, ಬಾಗಿಲಿಗೆ ನನ್ನ ಕೈ ಇಟ್ಟವರ ಹೆಸರು, ಎಲ್ಲ ಇದೆ. ನೀನು ಹಿಡಿದುಕೊಂಡದ್ದನ್ನು ಬರೆದಿಲ್ಲ. ಅದನ್ನು ಹೇಳಬೇಕಾದವಳು ನೀನು.

ಪರೀಕ್ಷೆಯ ಪ್ರವೇಶ ಪತ್ರ ತಡೆಹಿಡಿದರು. ಅಮ್ಮನನ್ನು ಕರೆಸಿದರು. ಅವಳು ಗೇಟಿನ ಮುಂದೆ, ಎಲ್ಲರೂ ನೋಡುತ್ತಿರುವಾಗ, ಕೈಚೀಲದಿಂದ ನನ್ನ ತಲೆಗೆ, ಬೆನ್ನಿಗೆ ಸಿಕ್ಕಸಿಕ್ಕಲ್ಲಿ ಬಾರಿಸಿದಳು. ಸುಸ್ತಾದ ಮೇಲೆ ನನ್ನ ಟ್ರಂಕನ್ನು ತಾನೇ ಎತ್ತಿ ಹೆಗಲಿಗೆ ಇಟ್ಟುಕೊಂಡಳು. ಆ ಊದಿದ ಕಾಲಲ್ಲಿ ಬಸ್ ನಿಲ್ದಾಣದವರೆಗೆ ನಡೆದಳು. ನಾನು ಮುಟ್ಟಲು ಬಿಡಲಿಲ್ಲ.

ಸೂಜಿ


ಲಾಂಡ್ರಿ
ಮಾರ್ಚ್ 25

ಸೂಜಿ,

ನಿನ್ನೆ ಹೋಗಿದ್ದೆವು. ಮೂರನೇ ಮಹಡಿ, ಓಣಿಯಂಥ ಮೆಟ್ಟಿಲು. ಬಾಗಿಲು ತೆರೆದದ್ದು ಗುಬ್ಬಿಯ ಅಮ್ಮ. ಬಸ್ ಕಂಡಕ್ಟರ್ ಅವರು, ಆಗಷ್ಟೇ ಪಾಳಿ ಮುಗಿಸಿ ಬಂದಿದ್ದರು, ಸಮವಸ್ತ್ರ ಬಿಚ್ಚಿರಲಿಲ್ಲ. ನನ್ನ ಮುಖ ಕಂಡದ್ದೇ ಕಾಲರ್ ಹಿಡಿದು ಗೋಡೆಗೆ ಒತ್ತಿದರು.

‘ಹೊಡೆದೋಳು ಬೇರೆ ಅಂತ ಕಾಗದ ಬಂದಿದ್ಯಲ್ಲ. ನೀನ್ಯಾಕ್ ಬಂದೆ? ನಾನು ಒಳ್ಳೆಯೋಳು ಅಂತ ಹೇಳಿಸ್ಕೊಂಡು ಹೋಗೋಕಾ?’

‘ಇಲ್ಲಾ ಆಂಟಿ. ಹಿಡ್ಕೊಂಡಿದ್ದು ನಾನು.’

ಕೆನ್ನೆಗೆ ಒಂದು ಬಿತ್ತು. ಇನ್ನೊಂದು ಬಿತ್ತು, ತುಟಿ ಒಡೆಯಿತು. ದೊಡ್ಡಮ್ಮ ಬಿಡಿಸಲು ಬರಲಿಲ್ಲ, ಮೆಟ್ಟಿಲ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದಳು. ಮೂರನೆಯದಕ್ಕೆ ಕೈ ಎತ್ತಿದಾಗ ಒಳಗಿನಿಂದ ‘ಅಮ್ಮಾ, ಸಾಕು’ ಅಂತ ಕೇಳಿಸಿತು.

ಗುಬ್ಬಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ದವಡೆ ಕೊಂಚ ಓರೆಯಾಗಿ ಕೂಡಿಕೊಂಡಿದೆ. ಬಲಗಿವಿಯನ್ನು ನನ್ನ ಕಡೆ ತಿರುಗಿಸಿದಳು. ನಾನು ಎಲ್ಲ ಹೇಳಿದೆ.

‘ಗೊತ್ತು’ ಅಂದಳು. ‘ಹೊಡೆದಿದ್ದು ಯಾರು, ಹಿಡಿದಿದ್ದು ಯಾರು, ಎಲ್ಲಾ ಗೊತ್ತು. ಶಾಲೆಯೋರು ಬಂದಾಗ ನನ್ನ ದವಡೆಗೆ ತಂತಿ ಕಟ್ಟಿತ್ತು. ಅವ್ರು ಕಾಗದ ಓದಿದ್ರು, ಅಮ್ಮ ಸಹಿ ಹಾಕಿದ್ರು. ನನಗೆ ಅಷ್ಟೊತ್ತಿಗೆ ಏನೂ ಬೇಡವಾಗಿತ್ತು. ತಂತಿ ಬಿಚ್ಚಿದ್ಮೇಲೆ ಯಾರೂ ಕೇಳೋಕೆ ಬರ್ಲಿಲ್ಲ.’

ಕ್ಷಮಿಸು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದರೆ ಅವಳು ಏನಾದರೂ ಉತ್ತರ ಕೊಡಬೇಕಾಗುತ್ತದಲ್ಲ, ಆ ಕೆಲಸವನ್ನೂ ಅವಳ ತಲೆಗೆ ಯಾಕೆ ಕಟ್ಟಲಿ ಅಂತ ನುಂಗಿಕೊಂಡೆ. ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು.

‘ನಾನು ನಮ್ಮ ಕ್ಲಾಸಲ್ಲಿ ಎಲ್ಲರಿಗಿಂತ ಜೋರಾಗಿ ಓಡ್ತಿದ್ದೆ ಅಕ್ಕಾ. ನೀವು ಬಿಟ್ಟಿದ್ರೆ ಯಾರ ಕೈಗೂ ಸಿಗ್ತಿರ್ಲಿಲ್ಲ. ಈಗ ಓಡಿದ್ರೆ ಬೀಳ್ತೀನಿ. ಕಿವಿ ಹೋದ್ರೆ ಹಾಗಾಗುತ್ತಂತೆ.’

ಅಷ್ಟು ಹೇಳಿ ಒಳಗೆ ಹೋದಳು. ಬೈಯಲಿಲ್ಲ. ಅವಳ ಅಮ್ಮ ಬಾಗಿಲು ಹಾಕಿಕೊಂಡರು.

ಇಳಿಯುವಾಗ ದೊಡ್ಡಮ್ಮ ನನ್ನ ತೋಳು ಹಿಡಿದುಕೊಂಡಳು. ಕೆಳಗಿನ ಮಹಡಿಗೆ ಬಂದಾಗ ಮೇಲಿನಿಂದ ಅವಳ ಅಮ್ಮ ಕೂಗಿ ಹೇಳಿದರು: ಏಪ್ರಿಲ್ ಎಂಟಕ್ಕೆ ಇಲಾಖೆಯವರ ವಿಚಾರಣೆ, ಗುಬ್ಬಿ ಬರುತ್ತಾಳೆ, ತಾನೇ ಮಾತಾಡುತ್ತಾಳೆ, ನಾವಿಬ್ಬರೂ ಅಲ್ಲಿರಬೇಕು. ನನ್ನ ಮೊದಲ ಪರೀಕ್ಷೆಯೂ ಅವತ್ತೇ. ಹೋಗಲಿ, ಮುಂದಿನ ವರ್ಷ ಬರೆದರಾಯಿತು.

ನೀನು ಬರುತ್ತೀಯ, ಅದು ನನಗೆ ಗೊತ್ತು. ಒಂದೇ ಮಾತು. ಅವಳ ಎಡಗಡೆ ಹೋಗಿ ಕೂರಬೇಡ. ಆ ಕಡೆಯಿಂದ ಯಾರು ಬಂದರೂ ಅವಳಿಗೆ ಗೊತ್ತಾಗುವುದಿಲ್ಲ, ಬೆಚ್ಚಿಬೀಳುತ್ತಾಳೆ. ಎದುರಿನ ಬೆಂಚಿನಲ್ಲಿ ಕೂರೋಣ. ನಾವಿಬ್ಬರೂ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡಿರೋಣ, ಅವಳಿಗೆ ಕಾಣುವ ಹಾಗೆ.

ಬಂಡೆ